ಮಕ್ಕಳ ಆಟವೂ ಸೇವೆಯಾದೀತು

(ಹುದಿಕೇರಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ನೀವೆಲ್ಲ ಬಂದಿದ್ದೀರಿ, ಸಂತೋಷ. ಹೋದ ತಿಂಗಳು ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನ ಕೈಹಿಡಿದು ಅತ್ತರು. "ಸಿಸ್ಟರ್, ಸಾಲದ ಕಂತಿಗೆ ಅಂತ ಇಟ್ಟಿದ್ದ ದುಡ್ಡನ್ನು ಮಗ ಮೊಬೈಲ್ ಆಟದಲ್ಲಿ ಕಳೆದುಬಿಟ್ಟ. ಇನ್ನು ಮನೆಯಲ್ಲಿ ಯಾವ ಆಟವೂ ಬೇಡ" ಅಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಎಲ್ಲ ಆಟವೂ ಒಂದೇ ಅಲ್ಲ. ಅದಕ್ಕೇ ಇವತ್ತು ಒಬ್ಬ ಆಟಗಾರನ ವಿಷಯ ಹೇಳುತ್ತೇನೆ.

ಓಟ ಅಂದರೆ ಕೊಡಗಿನವರಿಗೆ ಅಶ್ವಿನಿ ನಾಚಪ್ಪ ನೆನಪಾಗುತ್ತಾರೆ. ಸೆಕೆಂಡಿನ ಲೆಕ್ಕದಲ್ಲಿ ಓಡಿದವರು, ಆಮೇಲೆ ಇಲ್ಲೇ ಗೋಣಿಕೊಪ್ಪದಲ್ಲಿ ಶಾಲೆ ಕಟ್ಟಿದರು. ವಿಡಿಯೋ ಆಟದಲ್ಲೂ ಅಂಥದ್ದೇ ಓಟ ಉಂಟು. ಅದರ ಹೆಸರು ಸ್ಪೀಡ್‌ರನ್. ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ಯಾರು ಅತಿ ಬೇಗ ಮುಗಿಸುತ್ತಾರೆ ಎಂಬುದೇ ಸ್ಪರ್ಧೆ. 1985ರಲ್ಲಿ ಬಂದ ಸೂಪರ್ ಮಾರಿಯೋ ಆಟವನ್ನು ಟಿವಿಗೆ ಸಿಕ್ಕಿಸಿ ನಿಮ್ಮ ಮನೆಯ ಮಕ್ಕಳೂ ಆಡಿರಬಹುದು. ಹೊಸಬರಿಗೆ ಅದನ್ನು ಮುಗಿಸಲು ದಿನಗಟ್ಟಲೆ ಬೇಕು. 2021ರಲ್ಲಿ ನಿಫ್ಟ್‌ಸ್ಕಿ ಎಂಬ ಹೆಸರಿನ ಆಟಗಾರ ಅದನ್ನು 4 ನಿಮಿಷ 55 ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದ. ಅಲ್ಲಿವರೆಗೆ ಯಾರಿಂದಲೂ ಆಗಿರಲಿಲ್ಲ.

ಈ ಆಟಗಾರರ ಎರಡು ಪದ್ಧತಿ ನನಗೆ ಹಿಡಿಸಿತು. ಒಂದು, ಬಾಯಿಮಾತಿನ ದಾಖಲೆ ಅಲ್ಲಿ ನಡೆಯುವುದಿಲ್ಲ. ಆಡಿದ್ದನ್ನು ವಿಡಿಯೋ ಮಾಡಿ ಕೊಡಬೇಕು, ಬೇರೆಯವರು ಅದನ್ನು ಪರೀಕ್ಷೆ ಮಾಡಿದ ಮೇಲೆ ಪಟ್ಟಿಯಲ್ಲಿ ಹೆಸರು ಬರುತ್ತದೆ. ನಮ್ಮ ನಿರ್ಣಯ ಪುಸ್ತಕ, ಲೆಕ್ಕಪುಸ್ತಕ ಇದ್ದ ಹಾಗೆ. ಎರಡು, ಒಬ್ಬರು ಕಂಡುಹಿಡಿದ ಅಡ್ಡದಾರಿಯನ್ನು ಮಿಕ್ಕವರಿಗೂ ಕಲಿಸುತ್ತಾರೆ. ಕಲಿತವನೇ ನಾಳೆ ತನ್ನನ್ನು ಸೋಲಿಸಬಹುದು ಅಂತ ಗೊತ್ತಿದ್ದೂ ಕಲಿಸುತ್ತಾರೆ.

ಅಮೆರಿಕದ ಮೈಕ್ ಉಯಾಮ ಇಂಥ ಆಟಗಾರರಲ್ಲಿ ಒಬ್ಬರು. ತಮ್ಮವರನ್ನೆಲ್ಲ ಸೇರಿಸಿ ಹಗಲುರಾತ್ರಿ ಆಡೋಣ, ಅದನ್ನು ಇಂಟರ್‌ನೆಟ್‌ನಲ್ಲಿ ತೋರಿಸೋಣ, ನೋಡುವವರಿಂದ ಬಡವರಿಗಾಗಿ ದೇಣಿಗೆ ಕೇಳೋಣ ಎಂದು ಅವರು ಯೋಚಿಸಿದರು. 2010ರ ಜನವರಿಯಲ್ಲಿ ಒಂದು ಹೋಟೆಲಿನಲ್ಲಿ ಏರ್ಪಾಡಾಯಿತು. ಆದರೆ ಅಲ್ಲಿ ಇಂಟರ್‌ನೆಟ್ ಸರಿ ಸಿಗಲಿಲ್ಲ. ಆಗ ಮೈಕ್ ಎಲ್ಲರನ್ನೂ ಕರೆದುಕೊಂಡು ಹೋದದ್ದು ತನ್ನ ತಾಯಿಯ ಮನೆಗೆ! ಆ ಮನೆಯ ನೆಲಮಾಳಿಗೆಯಲ್ಲಿ ಕೂತು ಆಡಿದರು. ಹತ್ತು ಸಾವಿರ ಡಾಲರಿಗೂ ಹೆಚ್ಚು ಹಣ ಬಂತು. ಆಗಿನ ಲೆಕ್ಕಕ್ಕೆ ನಾಲ್ಕೂವರೆ ಲಕ್ಷ ರೂಪಾಯಿಗೂ ಮಿಕ್ಕಿತು.

ಆ ಹಣ ಹೋದದ್ದು ಕೇರ್ ಎಂಬ ಸಂಸ್ಥೆಗೆ. ಈ ಹೆಸರು ನಮಗೆ ದೂರದ್ದಲ್ಲ. 1991ರಲ್ಲಿ ಆಫ್ರಿಕಾದ ನೈಜರ್ ದೇಶದಲ್ಲಿ ಬಡ ಹೆಂಗಸರನ್ನು ಕೂಡಿಸಿ ಉಳಿತಾಯ ಗುಂಪುಗಳನ್ನು ಶುರು ಮಾಡಿದ ಸಂಸ್ಥೆ ಅದು. ಅಲ್ಲಿಯೂ ನಮ್ಮ ಹಾಗೆಯೇ ಚಿಲ್ಲರೆ ಕೂಡಿಡುವುದು, ಅದರಿಂದಲೇ ಸಾಲ ಕೊಡುವುದು.

ಮೈಕ್ ಅವರ ಕಾರ್ಯಕ್ರಮಕ್ಕೆ ಗೇಮ್ಸ್ ಡನ್ ಕ್ವಿಕ್ ಎಂದು ಹೆಸರು. ಮುಂದೆ ಅದು ಕ್ಯಾನ್ಸರ್ ತಡೆಗಟ್ಟುವ ಒಂದು ಸಂಸ್ಥೆಗೆ ಮತ್ತು ಯುದ್ಧ, ರೋಗಗಳ ನಡುವೆ ಕೆಲಸ ಮಾಡುವ ಗಡಿಯಿಲ್ಲದ ವೈದ್ಯರು ಸಂಸ್ಥೆಗೆ ಹಣ ಕೂಡಿಸುತ್ತ ಬಂತು. 2014ರಲ್ಲಿ ಒಂದೇ ಕಾರ್ಯಕ್ರಮದಲ್ಲಿ ಹತ್ತು ಲಕ್ಷ ಡಾಲರ್ ದಾಟಿತು. ಇಲ್ಲಿಯವರೆಗೆ ಒಟ್ಟು 5 ಕೋಟಿ ಡಾಲರಿಗೂ ಹೆಚ್ಚು. ಹೆಂಗಸರೇ ಆಡುವ ಕಾರ್ಯಕ್ರಮವೂ 2019ರಲ್ಲಿ ಶುರುವಾಯಿತು. ಅದರ ದೇಣಿಗೆ ಹೆಣ್ಣುಮಕ್ಕಳ ಓದಿಗಾಗಿ ಮಲಾಲಾ ನಿಧಿಗೆ ಹೋಯಿತು. ಸುಮಾರು 13 ವರ್ಷ ನಡೆಸಿದ ಮೈಕ್ 2023ರಲ್ಲಿ ಜವಾಬ್ದಾರಿಯನ್ನು ಬೇರೆಯವರಿಗೆ ಒಪ್ಪಿಸಿ ಹಿಂದೆ ಸರಿದರು. ಕೆಲಸ ನಿಲ್ಲಲಿಲ್ಲ. ಅಧ್ಯಕ್ಷೆಯ ಕುರ್ಚಿ ಬಿಡಲು ಮನಸ್ಸಾಗದ ನಮ್ಮ ಕೆಲವು ಸಂಘದವರು ಇದನ್ನು ಸ್ವಲ್ಪ ಗಮನಿಸಬೇಕು! (ನಗು)

ಈಗ ಆ ತಾಯಿಯ ವಿಷಯಕ್ಕೆ ಬರೋಣ. ಅವರ ಮಗ ಆಡಿದ್ದು ಇಂಥ ಆಟ ಅಲ್ಲ, ಅದು ಜೂಜು. ದುಡ್ಡು ಕಟ್ಟು, ಗೆದ್ದರೆ ದುಡ್ಡು ಎನ್ನುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಆದರೂ ಹೊಸ ಹೊಸ ಹೆಸರಿನಲ್ಲಿ ಬರುತ್ತವೆ. ಆದ್ದರಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು ಮಗನ ಪಕ್ಕದಲ್ಲಿ ಅರ್ಧ ಗಂಟೆ ಕೂತು, "ಏನು ಆಡ್ತಿದ್ದೀಯ ಮಗಾ, ನನಗೂ ತೋರಿಸು" ಅನ್ನಿ. ದುಡ್ಡು ಕೇಳುವ ಆಟವೋ ಅಲ್ಲವೋ ನೋಡಿ. ಫೋನಿನಲ್ಲಿ ಹಣ ಕಳಿಸುವ ಗುಟ್ಟಿನ ಸಂಖ್ಯೆಯನ್ನು ಮಕ್ಕಳಿಗೆ ಹೇಳಬೇಡಿ. ಯಾರಾದರೂ ಮೋಸಮಾಡಿ ಹಣ ಎಳೆದಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ದುಡ್ಡಿಲ್ಲದ ಆಟಕ್ಕೂ ಹೊತ್ತು ಗೊತ್ತು ಇರಲಿ. ಓದು, ನಿದ್ದೆ ಕೆಟ್ಟರೆ ಯಾವ ಆಟವೂ ಒಳ್ಳೆಯದಲ್ಲ.

ಆ ತಾಯಿಗೆ ಸಂಘ ಕಂತು ಕಟ್ಟಲು ಎರಡು ತಿಂಗಳ ಅವಧಿ ಕೊಟ್ಟಿದೆ. ಮಗನೂ ತೋಟದ ಕೆಲಸಕ್ಕೆ ಹೋಗಿ ತೀರಿಸುತ್ತೇನೆ ಎಂದಿದ್ದಾನೆ. ಅವನ ಬಗ್ಗೆ ಊರಲ್ಲಿ ಆಡಿಕೊಳ್ಳಬೇಡಿ. ಬೆರಳಿನಲ್ಲಿ ಅಷ್ಟು ಚುರುಕು ಇರುವ ಹುಡುಗ, ನಮ್ಮ ಒಕ್ಕೂಟದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ಬರುತ್ತೀಯಾ ಎಂದು ಕೇಳಿದ್ದೇನೆ. ಇನ್ನೂ ಉತ್ತರ ಹೇಳಿಲ್ಲ. ನೀವೂ ಒಮ್ಮೆ ಕೇಳಿ ನೋಡಿ.