ಯಾವ ದೀಪ ಆರಿಸೋಣ?

(ಲೊಂಬಾರ್ಡ್‌ನಲ್ಲಿ ನಡೆದ ವಾರ್ಷಿಕ ನಿಧಿಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯಕ್ರಮ ಪಟ್ಟಿಯ ಪ್ರಕಾರ ನಾನು ಆರೂವರೆಗೆ ಮಾತು ಮುಗಿಸಿ ಕೆಳಗೆ ಕೂತಿರಬೇಕಿತ್ತು. ಈಗ ಗಡಿಯಾರ ಏಳೂಕಾಲು ತೋರಿಸುತ್ತಿದೆ. ನಾನು ಎರಡು ವಾರ ಕೂತು ತಯಾರು ಮಾಡಿದ ಮೂವತ್ತು ಸ್ಲೈಡುಗಳು ಈ ಲ್ಯಾಪ್‌ಟಾಪಿನಲ್ಲಿವೆ. ಪ್ರೊಜೆಕ್ಟರ್ ಮಾತ್ರ ಅದರ ಜೊತೆ ಮಾತು ಬಿಟ್ಟಿದೆ. ಹಿಂದೆ ಅಡುಗೆಮನೆಯಿಂದ ಬಿಸಿಬೇಳೆಭಾತಿನ ವಾಸನೆ ಬರುತ್ತಿದೆ. "ಯೋಜನೆಗಳು ಕೈಕೊಟ್ಟಾಗ" ಎಂಬ ವಿಷಯದ ಮೇಲೆ ಮಾತಾಡಲು ಬಂದವನಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು.

ನಮ್ಮಲ್ಲಿ ಹೆಚ್ಚಿನವರು ಯೋಜನೆ ಹಾಕಿಯೇ ಈ ದೇಶಕ್ಕೆ ಬಂದವರು. ಐದು ವರ್ಷ ದುಡಿದು ವಾಪಸ್ ಹೋಗುತ್ತೇವೆ ಅಂದವರು ಎಷ್ಟು ಜನ ಇಲ್ಲಿದ್ದೀರಿ ಎಂದು ಕೈ ಎತ್ತಿಸಿದರೆ ಅರ್ಧ ಸಭೆ ಎತ್ತುತ್ತದೆ, ಇನ್ನರ್ಧ ನಾಚಿಕೊಳ್ಳುತ್ತದೆ. ಹಾಗಾಗಿ ಯೋಜನೆ ಮುರಿಯುವುದರ ಬಗ್ಗೆ ನಿಮಗೆ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಇಬ್ಬರು ದೊಡ್ಡವರ ಕಥೆಯನ್ನೂ, ಕೊನೆಯಲ್ಲಿ ಸ್ವಲ್ಪ ನನ್ನದನ್ನೂ ಹೇಳಿ ನಿಮ್ಮನ್ನು ಊಟಕ್ಕೆ ಬಿಡುತ್ತೇನೆ.

ಮೊದಲನೆಯವರು ನಮ್ಮ ನೆರೆಯವರೇ. ಲೇಕ್ ಫಾರೆಸ್ಟ್‌ನಲ್ಲಿ ಬಹುಕಾಲ ಬಾಳಿ 2025ರ ಆಗಸ್ಟ್‌ನಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ತೀರಿಕೊಂಡ ಜಿಮ್ ಲೊವೆಲ್. ಅವರ ಕುಟುಂಬದ ಹೋಟೆಲೊಂದು ಅಲ್ಲಿತ್ತು, 2015ರಲ್ಲಿ ಮುಚ್ಚಿತು; ನಿಮ್ಮಲ್ಲಿ ಕೆಲವರಾದರೂ ಅಲ್ಲಿ ಊಟ ಮಾಡಿರಬಹುದು. 1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ನಾಯಕರಾಗಿ ಚಂದ್ರನ ಮೇಲೆ ಇಳಿಯಲು ಹೊರಟರು. ಎರಡು ದಿನ ಕಳೆದ ಮೇಲೆ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಮೂವರು ಮರಳಿ ಭೂಮಿಗೆ ಬಂದ ಕಥೆಯನ್ನು ನೀವು ಸಿನಿಮಾದಲ್ಲಿ ನೋಡಿದ್ದೀರಿ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಒಂದೇ ಸಂಗತಿ. ಅವರು ತಾವು ಕೂತಿದ್ದ ಮುಖ್ಯ ನೌಕೆಯನ್ನೇ ಸಂಪೂರ್ಣ ಸ್ವಿಚ್ ಆಫ್ ಮಾಡಿದರು. ಕೊನೆಗೆ ಭೂಮಿಯ ವಾತಾವರಣ ಹೊಗುವಾಗ ಅದರ ಬ್ಯಾಟರಿ ಬೇಕು, ಆದ್ದರಿಂದ ಈಗ ಅದು ಕತ್ತಲಲ್ಲಿರಲಿ ಎಂದು. ಇಬ್ಬರಿಗಾಗಿ ಮಾಡಿದ್ದ ಚಂದ್ರನೌಕೆಯಲ್ಲಿ ಮೂವರು ಸೇರಿಕೊಂಡು, ಬೆಚ್ಚಗಿನ ಗಾಳಿಯನ್ನೂ ಬಿಟ್ಟು, ಚಳಿಯಲ್ಲಿ ನಡುಗುತ್ತ ಬಂದರು. ಲೊವೆಲ್ 1968ರಲ್ಲಿ ಅಪೊಲೊ 8ರಲ್ಲಿಯೂ ಚಂದ್ರನನ್ನು ಸುತ್ತಿ ಬಂದಿದ್ದರು. ಎರಡು ಸಲ ಅಷ್ಟು ದೂರ ಹೋಗಿ ಒಮ್ಮೆಯೂ ಇಳಿಯಲಿಲ್ಲ.

ಕನ್ನಡದಲ್ಲಿ ಒಂದು ವಿಚಿತ್ರವಾದ ಮಾತಿದೆ, ಗಮನಿಸಿದ್ದೀರಾ? "ಆರಿಸು" ಎಂದರೆ ಲೈಟು ನಂದಿಸು ಎಂದೂ ಆಗುತ್ತದೆ, ಬೇಕಾದದ್ದನ್ನು ಆಯ್ದುಕೋ ಎಂದೂ ಆಗುತ್ತದೆ. (ನಮ್ಮಜ್ಜಿ ಮಾತ್ರ ದೀಪಕ್ಕೆ ಆ ಮಾತು ಆಡಗೊಡುತ್ತಿರಲಿಲ್ಲ. "ದೀಪ ಶಾಂತ ಮಾಡು" ಅನ್ನಬೇಕಿತ್ತು.) ಪಂಡಿತರು ಇವೆರಡೂ ಬೇರೆ ಬೇರೆ ಧಾತು ಎನ್ನಬಹುದು. ನನಗೆ ಅವೆರಡೂ ಒಂದೇ ಕೆಲಸ ಎಂದು ತೋರತೊಡಗಿದ್ದು ಎರಡನೆಯ ಕಥೆಯಿಂದ.

ಆ ಕಥೆ ನಮ್ಮವರದೇ. ಉಡುಪಿಯ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರದು. ಉಡುಪಿಯಲ್ಲಿ ಶಾಲೆ, ಅನಂತಪುರದಲ್ಲಿ ಬಿ.ಎಸ್ಸಿ., ಕಾಶಿಯಲ್ಲಿ ಎಂ.ಎಸ್ಸಿ., ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯ್ ಅವರ ಕೈಕೆಳಗೆ ವಿಶ್ವಕಿರಣಗಳ ಸಂಶೋಧನೆ. ಆಮೇಲೆ ಅವರೂ ನಮ್ಮ ಹಾಗೆ ಅಮೆರಿಕಕ್ಕೆ ಬಂದರು, ಎಂ.ಐ.ಟಿ.ಯಲ್ಲಿ, ಡಲ್ಲಾಸ್‌ನಲ್ಲಿ ಕೆಲಸ ಮಾಡಿದರು. ನಮ್ಮ ಹಾಗಲ್ಲದೆ 1966ರಲ್ಲಿ ನಿಜಕ್ಕೂ ವಾಪಸ್ ಹೋದರು!

ಭಾರತಕ್ಕೆ ತನ್ನದೇ ಉಪಗ್ರಹ ಬೇಕೆಂಬುದು ಸಾರಾಭಾಯ್ ಅವರ ಕನಸು, ಆ ಹೊಣೆ ಹೊತ್ತವರು ರಾವ್. ಮೊದಲು ಅಂದುಕೊಂಡಿದ್ದು ನೂರು ಕೆ.ಜಿ.ಯ ಸಣ್ಣ ಉಪಗ್ರಹ. ಸೋವಿಯತ್ ಒಕ್ಕೂಟ ತಾನೇ ಹಾರಿಸಿಕೊಡುತ್ತೇನೆ ಎಂದಾಗ ಲೆಕ್ಕವೆಲ್ಲ ಬದಲಾಯಿತು, ತೂಕ 360 ಕೆ.ಜಿ.ಗೆ ಏರಿತು. ಮಾತುಕತೆ ಇನ್ನೂ ನಡೆಯುತ್ತಿದ್ದಾಗಲೇ, 1971ರ ಡಿಸೆಂಬರ್ 30ರಂದು ಸಾರಾಭಾಯ್ ಹಠಾತ್ತಾಗಿ ತೀರಿಕೊಂಡರು. ಅವರಿಗೆ ಬರೀ 52 ವರ್ಷ. ಕನಸು ಕಂಡವರೇ ಇಲ್ಲವೆಂದು ಕೆಲಸ ನಿಲ್ಲಲಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಕಲ್ನಾರು ಶೀಟಿನ ಷೆಡ್ಡುಗಳನ್ನು ಹಿಡಿದು, ಉಪಗ್ರಹವನ್ನು ಹಿಂದೆಂದೂ ಮುಟ್ಟಿ ನೋಡದ ಹುಡುಗರನ್ನು ಕಟ್ಟಿಕೊಂಡು ಶುರು ಮಾಡಿದರು. ಜಾಗ ಸಾಲದೆ ಶೌಚಾಲಯವೊಂದನ್ನೇ ಮಾಹಿತಿ ಸ್ವೀಕರಿಸುವ ಕೋಣೆ ಮಾಡಿಕೊಂಡಿದ್ದರಂತೆ.

1975ರ ಏಪ್ರಿಲ್ 19ರಂದು ಆರ್ಯಭಟ ಆಕಾಶಕ್ಕೇರಿತು. ಅದರೊಳಗೆ ಮೂರು ವೈಜ್ಞಾನಿಕ ಪ್ರಯೋಗಗಳಿದ್ದವು: ಎಕ್ಸ್‌ರೇ ಖಗೋಳ, ಸೂರ್ಯ, ಮೇಲಿನ ವಾತಾವರಣ. ಉಪಗ್ರಹ ಹೊರಟಿದ್ದೇ ಅವಕ್ಕಾಗಿ ಎನ್ನಬೇಕು. ನಾಲ್ಕೈದು ದಿನಗಳಲ್ಲಿ ಆ ಪ್ರಯೋಗಗಳಿಗೆ ವಿದ್ಯುತ್ ಕೊಡುವ ವ್ಯವಸ್ಥೆ ಕೆಟ್ಟಿತು. ಆಕಾಶಕ್ಕೆ ಹೋಗಿ ರಿಪೇರಿ ಮಾಡುವ ಹಾಗಿಲ್ಲ. ಮೂರನ್ನೂ ನಿಲ್ಲಿಸಿದರು.

ಇಲ್ಲಿ ಒಂದು ಕ್ಷಣ ನಿಲ್ಲಿ. ವಿಶ್ವಕಿರಣ ವಿಜ್ಞಾನಿಯೊಬ್ಬ ವರ್ಷಗಟ್ಟಲೆ ದುಡಿದು ಕಳಿಸಿದ ಪ್ರಯೋಗಗಳನ್ನು ವಾರ ತುಂಬುವ ಮೊದಲೇ ನಿಲ್ಲಿಸುವುದೆಂದರೆ ಏನಿರಬಹುದು! ಮನೆ ಕಟ್ಟಿ ಗೃಹಪ್ರವೇಶದ ವಾರದಲ್ಲೇ ದೇವರ ಕೋಣೆಗೆ ಬೀಗ ಹಾಕಿದ ಹಾಗೆ. ಆದರೆ ಉಳಿದ ಉಪಗ್ರಹ ಚೆನ್ನಾಗಿಯೇ ಇತ್ತು. ಸೌರಫಲಕಗಳು ಕೆಲಸ ಮಾಡುತ್ತಿದ್ದವು, ರೇಡಿಯೋ ಮಾತಾಡುತ್ತಿತ್ತು. ಸರಿ, ಅದರ ಮೂಲಕ ಶ್ರೀಹರಿಕೋಟಾದಿಂದ ಬೆಂಗಳೂರಿಗೆ ಮನುಷ್ಯನ ಧ್ವನಿ ಕಳಿಸಿ ನೋಡಿದರು, ಹೃದಯದ ಇ.ಸಿ.ಜಿ. ಕಳಿಸಿ ನೋಡಿದರು. ಆರು ತಿಂಗಳ ಆಯಸ್ಸಿಗೆಂದು ಮಾಡಿದ ಉಪಗ್ರಹದ ಮುಖ್ಯ ಭಾಗಗಳು 1981ರ ಮಾರ್ಚ್‌ವರೆಗೆ ಜೀವಂತವಾಗಿದ್ದವು ಎಂದು ಇಸ್ರೋ ದಾಖಲೆ ಹೇಳುತ್ತದೆ. ನಮ್ಮ ಹಳೆಯ ಎರಡು ರೂಪಾಯಿ ನೋಟಿನ ಹಿಂದೆ ಇದ್ದ ಚಿತ್ರ ಇದೇ ಉಪಗ್ರಹದ್ದು. ಪ್ರಯೋಗಗಳು ನಿಂತುಹೋದ ಉಪಗ್ರಹವನ್ನು ಒಂದು ದೇಶ ತನ್ನ ನೋಟಿನ ಮೇಲೆ ಹಾಕಿಕೊಂಡಿತಲ್ಲ ಎಂದು ನನಗೆ ಈಗಲೂ ಖುಷಿಯಾಗುತ್ತದೆ.

1981ರ ಆ್ಯಪಲ್ ಉಪಗ್ರಹದ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಇದ್ದ ಒಂದರಲ್ಲೇ ಎರಡು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದರು. 1984ರಿಂದ ರಾವ್ ಇಸ್ರೋ ಅಧ್ಯಕ್ಷರಾದರು. 1987ರಲ್ಲಿ ಎ.ಎಸ್.ಎಲ್.ವಿ. ರಾಕೆಟ್ಟು ಬಿತ್ತು. ಮರುವರ್ಷ ಜುಲೈನಲ್ಲಿ ಮತ್ತೆ ಬಿತ್ತು. ಅದು ಗೆದ್ದದ್ದು 1992ರಲ್ಲಿ. 1993ರ ಸೆಪ್ಟೆಂಬರ್‌ನಲ್ಲಿ ಮೊದಲ ಪಿ.ಎಸ್.ಎಲ್.ವಿ. ಕೂಡ ಸೋತಿತು. ಮರುವರ್ಷ ಅಕ್ಟೋಬರ್‌ನಲ್ಲಿ ಅದೇ ಪಿ.ಎಸ್.ಎಲ್.ವಿ. ಗೆದ್ದಾಗ ರಾವ್ ನಿವೃತ್ತರಾಗಿದ್ದರು. 2008ರಲ್ಲಿ ಚಂದ್ರಯಾನವನ್ನು ಹೊತ್ತು ಹೋದದ್ದು ಅದರ ತಮ್ಮನೇ. ರಾವ್ 2017ರಲ್ಲಿ ತೀರಿಕೊಂಡರು. ಅವರು ನಡೆಸಿದ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು.

ಇನ್ನು ನನ್ನದು. ದೊಡ್ಡವರ ಪಕ್ಕದಲ್ಲಿ ಹೇಳಲು ಸಂಕೋಚವಾಗುತ್ತದೆ.

ನಮ್ಮ ಅಪ್ಪಯ್ಯ ಸಾಗರದ ಹತ್ತಿರದ ಹಳ್ಳಿಯವರು, ನಿವೃತ್ತ ಗಣಿತದ ಮೇಷ್ಟ್ರು. 2020ರ ಏಪ್ರಿಲ್‌ನಲ್ಲಿ ಅವರಿಗೆ ಸಹಸ್ರಚಂದ್ರ ದರ್ಶನ ಶಾಂತಿ ಮಾಡುವುದೆಂದು ಒಂದು ವರ್ಷ ಮೊದಲೇ ನಿಶ್ಚಯಿಸಿದ್ದೆವು. ಮುನ್ನೂರು ಎಲೆ ಊಟ. ಪುರೋಹಿತರು, ಅಡಿಗೆ ಭಟ್ಟರು, ಓಲಗದವರು, ಶಾಮಿಯಾನದವರು, ಎಲ್ಲರಿಗೂ ಮುಂಗಡ ಹೋಗಿತ್ತು. ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು. ನನ್ನ ಎಕ್ಸೆಲ್ ಹಾಳೆಯಲ್ಲಿ ಯಾರು ಯಾವ ಬಸ್ಸಿಗೆ ಬರುತ್ತಾರೆ ಎಂಬ ಕಾಲಮ್ ಕೂಡ ಇತ್ತು. ಮಾರ್ಚ್ 28ಕ್ಕೆ ನಮ್ಮ ಟಿಕೆಟ್ಟು. ಅದಕ್ಕೆ ಐದಾರು ದಿನ ಮೊದಲು ಭಾರತಕ್ಕೆ ಹೊರದೇಶದ ವಿಮಾನಗಳೆಲ್ಲ ನಿಂತವು. 25ರಿಂದ ಲಾಕ್‌ಡೌನ್.

ಆಗ ನಾನು ಮಾಡಿದ ಮೊದಲ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಪ್ಪಯ್ಯನಿಗೆ ಫೋನ್ ಮಾಡಿ, ಮುಂಗಡ ಕೊಟ್ಟವರ ಹತ್ತಿರ ವಾಪಸ್ ಕೇಳಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ವಾಪಸ್ ಕೇಳೂದಾ? ಅಲ್ವೋ ಮಾರಾಯ, ಈ ಸಲ ಭಟ್ರಿಗೆ ಒಂದು ಮದುವೆ ಇಲ್ಲ, ಒಂದು ಮುಂಜಿ ಇಲ್ಲ. ಓಲಗದವರ ಮನೇಲಿ ಏನು ಬೇಯಿಸ್ತಾರೆ? ಉಳಿದ ದುಡ್ಡನ್ನೂ ಕಳಿಸು."

"ಶಾಂತಿ ಮುಂದೆ ಹಾಕೋಣ ಅಪ್ಪಯ್ಯ," ಅಂದೆ.

"ಸಾವಿರ ಚಂದ್ರ ನೋಡಿಯಾಯ್ತು. ಶಾಂತಿ ಮಾಡದಿದ್ರೆ ಅದ್ರಲ್ಲಿ ಒಂದು ಕಡಿಮೆ ಆಗ್ತದಾ?" ಎಂದು ನಕ್ಕರು.

ಮಾರನೆಯ ದಿನ ಫೋನಿನಲ್ಲಿ ಒಂದು ಪಟ್ಟಿ ಬರೆಸಿದರು. ಅದರಲ್ಲಿ ಊಟವಿಲ್ಲ, ಶಾಮಿಯಾನವಿಲ್ಲ, ನಾನೂ ಇಲ್ಲ. ಉಳಿದದ್ದು ಹದಿನಾಲ್ಕು ಮನೆಗಳ ಹೆಸರು, ಒಂದೊಂದು ಮನೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಎಣ್ಣೆ ಎಂಬ ಲೆಕ್ಕ. ಪಕ್ಕದ ಮನೆಯ ಹುಡುಗ ಬೈಕಿನಲ್ಲಿ ಹಂಚಿ ಬಂದ. ನನ್ನ ಎಕ್ಸೆಲ್ ಹಾಳೆಗಿಂತ ಅವರ ಪಟ್ಟಿ ಚಿಕ್ಕದಾಗಿತ್ತು.

ಏಪ್ರಿಲ್ ಕೊನೆಯ ವಾರ, ನಿದ್ದೆಯಲ್ಲೇ, ಹೃದಯಾಘಾತದಿಂದ ಅಪ್ಪಯ್ಯ ಹೋದರು. ನಾನು ಹೋಗುವ ದಾರಿ ಇರಲಿಲ್ಲ. ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಇಲ್ಲಿ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಮಧ್ಯರಾತ್ರಿ, ಒಂದು ಫೋನಿನ ಪರದೆಯ ಮೇಲೆ ನಾನು ನೋಡಿದೆ. ನೆಟ್‌ವರ್ಕ್ ಎರಡು ಸಲ ಹೋಯಿತು. ವೈಕುಂಠ ಸಮಾರಾಧನೆಯ ಅಡಿಗೆಯನ್ನು ಆ ಭಟ್ಟರೇ ಬಂದು ಮಾಡಿದರು, ಹತ್ತು ಎಲೆಗೆ. ದುಡ್ಡು ಮುಟ್ಟಲಿಲ್ಲ.

ಇದನ್ನು ಹೇಳಿ "ಆದ್ದರಿಂದ ಎಲ್ಲ ಒಳ್ಳೆಯದೇ ಆಯಿತು" ಅನ್ನಲಾರೆ. ಆಗಲಿಲ್ಲ. ಕೆಲವು ಪ್ರಯೋಗಗಳು ನಿಂತರೆ ನಿಂತವೇ. ಆರ್ಯಭಟದ ಮೂರೂ ಮತ್ತೆ ಶುರುವಾಗಲಿಲ್ಲ, ಲೊವೆಲ್ ಚಂದ್ರನ ಮೇಲೆ ಕಾಲಿಡಲಿಲ್ಲ. ಯಾರಾದರೂ ಸಮಾಧಾನಕ್ಕೆ ಬಂದು "ದೇವರು ಒಂದು ಬಾಗಿಲು ಮುಚ್ಚಿದರೆ" ಎಂದು ಆರಂಭಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಮೇಷ್ಟ್ರು ಕೊನೆಯ ತಿಂಗಳಲ್ಲಿ ಏನನ್ನು ಆರಿಸಿದರು, ಏನನ್ನು ಆರಿಸಿಕೊಂಡರು ಎಂಬುದನ್ನು ಮಾತ್ರ ನಾನು ಮರೆತಿಲ್ಲ. ಈ ವರ್ಷ ಸಮಿತಿಯವರು ಅಂದುಕೊಂಡಷ್ಟು ಹಣ ಸೇರದಿದ್ದರೆ ಯಾವ ಕಾರ್ಯಕ್ರಮ ಬಿಡೋಣ ಎಂದು ಕೂತು ಚರ್ಚಿಸುವಾಗ, ವೇದಿಕೆಯ ಹೂವಿನ ಅಲಂಕಾರದಿಂದ ಶುರು ಮಾಡಿ, ಊರಿನ ಮಕ್ಕಳ ಪುಸ್ತಕದಿಂದಲ್ಲ ಎಂದು ಹೇಳಲೇ ನಾನು ಇವತ್ತು ಮೈಕ್ ಹಿಡಿದದ್ದು.

2022ರಲ್ಲಿ ಊರಿಗೆ ಹೋದೆ. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆಗೆ ಏನೋ ಕಾಗದ ಸಿಕ್ಕಿಸಿದ್ದರು. ಹಾಲಿನ ಲೆಕ್ಕ, ಪೇಪರಿನ ಲೆಕ್ಕ, ಗ್ಯಾಸ್ ಬಂದ ದಿನ. ತಿರುಗಿಸಿ ನೋಡಿದರೆ ಸಹಸ್ರಚಂದ್ರ ದರ್ಶನದ ಆಮಂತ್ರಣ ಪತ್ರಿಕೆ. ಹಿಂಬದಿ ಖಾಲಿ ಇತ್ತಲ್ಲ. "ಒಳ್ಳೇ ದಪ್ಪ ಕಾಗದ ಕಣೋ," ಅಂದರು ಅಮ್ಮ. "ಇನ್ನೂ ಅರ್ಧ ಕಟ್ಟು ಉಂಟು."

ಊಟಕ್ಕೆ ಏಳಿ.