ಅಬ್ರಾಜ್ ಕಥೆ: ಬ್ಯಾಲೆನ್ಸ್ ಇತ್ತು, ದುಡ್ಡು ಇರಲಿಲ್ಲ

ಇವತ್ತು ಆರಿಫ್ ನಖ್ವಿ ಅನ್ನೋರ ಕರಿಯರ್ ಬಗ್ಗೆ ಮಾತಾಡೋಣ. ಹುಟ್ಟಿದ್ದು ಕರಾಚಿ, ಓದಿದ್ದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಹೆಸರು ಮಾಡಿದ್ದು ದುಬೈನಲ್ಲಿ.

2002ರಲ್ಲಿ ಅವರು ಅಬ್ರಾಜ್ ಅನ್ನೋ ಪ್ರೈವೇಟ್ ಈಕ್ವಿಟಿ ಕಂಪನಿ ಶುರು ಮಾಡಿದರು. ಪ್ರೈವೇಟ್ ಈಕ್ವಿಟಿ ಅಂದ್ರೆ ಇಷ್ಟೇ: ಪಿಂಚಣಿ ನಿಧಿ, ಬ್ಯಾಂಕು, ಫೌಂಡೇಶನ್‌ಗಳಿಂದ ದುಡ್ಡು ಸೇರಿಸಿ, ಕಂಪನಿಗಳಲ್ಲಿ ದೊಡ್ಡ ಪಾಲು ತಗೊಂಡು, ಕೆಲವು ವರ್ಷ ಬೆಳೆಸಿ, ಲಾಭಕ್ಕೆ ಮಾರೋದು. ಫಂಡ್ ನಡೆಸೋರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ 2ರಷ್ಟು ಶುಲ್ಕ, ಲಾಭದಲ್ಲಿ ಶೇ 20ರಷ್ಟು ಪಾಲು.

ಮೊದಲ ದೊಡ್ಡ ಗೆಲುವು ಜೋರ್ಡಾನ್‌ನ ಕೊರಿಯರ್ ಕಂಪನಿ ಅರಾಮೆಕ್ಸ್. ಅದನ್ನ ಖರೀದಿಸಿ ಅಮೆರಿಕದ ನಾಸ್ಡಾಕ್‌ನಿಂದ ಹೊರತಂದು, 2005ರಲ್ಲಿ ದುಬೈನಲ್ಲಿ ಲಿಸ್ಟ್ ಮಾಡಿದರು. ಆಮೇಲೆ ಕರಾಚಿಗೆ ಕರೆಂಟ್ ಕೊಡೋ ಕಂಪನಿ ಕೈಗೆ ಬಂತು. ಅಬ್ರಾಜ್ ನೋಡಿಕೊಳ್ಳುತ್ತಿದ್ದ ಹಣ ಸುಮಾರು 14 ಬಿಲಿಯನ್ ಡಾಲರ್‌ಗೆ ಏರಿತು. ಬಡ ದೇಶಗಳಲ್ಲಿ ಆಸ್ಪತ್ರೆ ಕಟ್ಟೋಕೆ ಅಂತ 1 ಬಿಲಿಯನ್ ಡಾಲರ್‌ನ ಆರೋಗ್ಯ ನಿಧಿ ಮಾಡಿದರು. ಗೇಟ್ಸ್ ಫೌಂಡೇಶನ್ 100 ಮಿಲಿಯನ್ ಡಾಲರ್ ಹಾಕಿತು. ಹೈದರಾಬಾದ್‌ನ ಕೇರ್ ಹಾಸ್ಪಿಟಲ್ಸ್‌ನಲ್ಲೂ ಅಬ್ರಾಜ್ ಪಾಲು ತಗೊಂಡಿತ್ತು.

ಹೊರಗಿಂದ ನೋಡಿದರೆ ಸೂಪರ್, ಅಲ್ವಾ? ಒಳಗಡೆ ಲೆಕ್ಕ ಬೇರೆ ಇತ್ತು. ಬರುತ್ತಿದ್ದ ಶುಲ್ಕ ಕಂಪನಿಯ ಖರ್ಚಿಗೇ ಸಾಲುತ್ತಿರಲಿಲ್ಲ. ಒಂದು ಡೀಲ್ ತಡವಾದರೆ ಕೈ ಖಾಲಿ. ಕರಾಚಿ ಕಂಪನಿಯನ್ನ ಶಾಂಘೈ ಎಲೆಕ್ಟ್ರಿಕ್‌ಗೆ ಮಾರೋ ಒಪ್ಪಂದ 2016ರಲ್ಲಿ ಆಯಿತು, ಆದರೆ ಆ ದುಡ್ಡು ಬರಲೇ ಇಲ್ಲ.

ಬಿ.ಕಾಂ ಮಾಡಿದವರು ವಿಂಡೋ ಡ್ರೆಸ್ಸಿಂಗ್ ಅಂತ ಓದಿರ್ತೀರಿ. ದುಬೈನ ನಿಯಂತ್ರಕರು ಕಂಡುಕೊಂಡಿದ್ದು ಅದನ್ನೇ. ವರ್ಷಾಂತ್ಯಕ್ಕೆ ಸರಿಯಾಗಿ ಸಾಲ ತಂದು ಖಾತೆಗೆ ಹಾಕೋದು, ಬ್ಯಾಲೆನ್ಸ್ ತೋರಿಸೋದು, ಆಮೇಲೆ ವಾಪಸ್ ಕಳಿಸೋದು. ಒಂದು ಫಂಡ್‌ನಲ್ಲಿ 200 ಮಿಲಿಯನ್ ಡಾಲರ್ ಕೊರತೆ ಕಾಣಬಾರದು ಅಂತ ವರದಿ ಕೊಡೋ ದಿನಾಂಕವನ್ನೇ ಬದಲಿಸಿದ್ದರು!

ಬಿರುಕು ಬಿಟ್ಟಿದ್ದು ಒಂದು ಸರಳ ಪ್ರಶ್ನೆಯಿಂದ. "ಆಸ್ಪತ್ರೆಗೆ ಅಂತ ನಮ್ಮಿಂದ ದುಡ್ಡು ತರಿಸಿಕೊಂಡಿರಿ, ಅದು ಎಲ್ಲಿದೆ?" ಅಂತ ಆರೋಗ್ಯ ನಿಧಿಯ ಹೂಡಿಕೆದಾರರು ಕೇಳಿದರು. 2018ರ ಜೂನ್‌ನಲ್ಲಿ ಅಬ್ರಾಜ್ ಲಿಕ್ವಿಡೇಟರ್‌ಗಳ ಕೈಗೆ ಹೋಯಿತು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಕೋರಿಕೆ ಮೇರೆಗೆ ನಖ್ವಿ ಲಂಡನ್‌ನಲ್ಲಿ ಬಂಧನವಾದರು. ಅವರು ಆರೋಪಗಳನ್ನ ಒಪ್ಪಿಲ್ಲ. ಆದರೆ ಅವರ ಜೊತೆ ಮ್ಯಾನೇಜಿಂಗ್ ಪಾರ್ಟ್‌ನರ್ ಆಗಿದ್ದ ಮುಸ್ತಫಾ ಅಬ್ದೆಲ್ ವದೂದ್ ನ್ಯೂಯಾರ್ಕ್ ಕೋರ್ಟ್‌ನಲ್ಲಿ ತಪ್ಪೊಪ್ಪಿಕೊಂಡರು. 2022ರಲ್ಲಿ ದುಬೈ ನಿಯಂತ್ರಕರು ನಖ್ವಿಗೆ ಸುಮಾರು 135 ಮಿಲಿಯನ್ ಡಾಲರ್ ದಂಡ ಹಾಕಿದರು.

ನಂಗೆ ಇಲ್ಲಿ ಕಾಡೋದು ಮೋಸದ ಗಾತ್ರ ಅಲ್ಲ. ಅಷ್ಟು ದೊಡ್ಡ ಸಂಸ್ಥೆಗಳೂ ಒಳ್ಳೆ ಉದ್ದೇಶದ ಮಾತು ಕೇಳಿ ನಂಬಿದ್ದವು. ನಮ್ಮ ಮ್ಯೂಚುವಲ್ ಫಂಡ್‌ಗಳಲ್ಲಿ ಷೇರುಗಳನ್ನ ಇಟ್ಟುಕೊಳ್ಳೋಕೆ ಬೇರೆ ಕಸ್ಟೋಡಿಯನ್, ಮೇಲ್ವಿಚಾರಣೆಗೆ ಟ್ರಸ್ಟಿ ಇರಬೇಕು ಅನ್ನೋ ಸೆಬಿ ನಿಯಮ ಬೋರಿಂಗ್ ಅನ್ನಿಸಬಹುದು. ಕಾಯೋದು ಅದೇ. ಹಾಗಾಗಿ ವಾಟ್ಸಾಪ್‌ನಲ್ಲಿ ಯಾರಾದರೂ ಸ್ಕೀಮ್ ಕಳಿಸಿದರೆ, ರಿಟರ್ನ್ ಎಷ್ಟು ಅಂತ ಕೇಳೋಕೆ ಮುಂಚೆ ದುಡ್ಡು ಯಾರ ಖಾತೆಯಲ್ಲಿ ಇರುತ್ತೆ ಅಂತ ಕೇಳಿ.

ಮುಂದಿನ ವಾರ ಸಿಗೋಣ.