ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲಿ ಪೈಥಾನ್ ಆಟ

2006ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಸೇರಿದ ಅಸೆಂಬ್ಲಿ ಎಂಬ ಕಂಪ್ಯೂಟರ್ ಉತ್ಸವದಲ್ಲಿ, ಆಟ ತಯಾರಿಸುವ ಸ್ಪರ್ಧೆಯನ್ನು ಗೆದ್ದದ್ದು ‘ಫ್ರೆಟ್ಸ್ ಆನ್ ಫೈರ್’. ಕೀಬೋರ್ಡನ್ನೇ ಗಿಟಾರಿನಂತೆ ಎತ್ತಿ ಹಿಡಿದು, ಒಂದು ಕೈಯಲ್ಲಿ ಎಫ್1ರಿಂದ ಎಫ್5ರವರೆಗಿನ ಕೀಲಿಗಳನ್ನು ಒತ್ತುತ್ತ, ಇನ್ನೊಂದರಲ್ಲಿ ಎಂಟರ್ ಕೀಲಿಯನ್ನು ಮೀಟುತ್ತ ಹಾಡು ನುಡಿಸುವ ಆಟ ಅದು. ಬರೆದದ್ದು ಪೈಥಾನ್ ಭಾಷೆಯಲ್ಲಿ, ಪೈಗೇಮ್ ಲೈಬ್ರರಿಯ ನೆರವಿನಿಂದ. ವಿಂಡೋಸಿನಲ್ಲಿ ಆಡಲು ಕೂತವರು ಮೊದಲು ಪೈಥಾನ್ ಹಾಕಿಕೊಳ್ಳಬೇಕಾಗಿರಲಿಲ್ಲ. ಆಟದ ಜೊತೆಯಲ್ಲೇ ಅದೂ ಬಂದಿತ್ತು.

ಇದರಲ್ಲೇನು ವಿಶೇಷ? ಸಿ ಭಾಷೆಯಲ್ಲಿ ಬರೆದದ್ದು ಮೊದಲೇ ಯಂತ್ರದ ಸೂಚನೆಗಳಾಗಿ ಬದಲಾಗಿರುತ್ತದೆ. ಪೈಥಾನ್ ಪ್ರೋಗ್ರಾಂ ಹಾಗಲ್ಲ. ಅದನ್ನು ಓದಿ ನಡೆಸಲು ಇಂಟರ್‌ಪ್ರಿಟರ್ ಎದುರಿಗಿರಲೇಬೇಕು. ಚಿತ್ರ, ಸದ್ದು ಇರುವ ಪ್ರೋಗ್ರಾಂ ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. 2000ದಲ್ಲಿ ಶುರುವಾದ ಪೈಗೇಮ್ ನಿಂತಿರುವುದು ಸಿ ಭಾಷೆಯ ಎಸ್‌ಡಿಎಲ್ ಲೈಬ್ರರಿಯ ಮೇಲೆ, ಅದೂ ಬೇಕು. ಆಟವಾಡಲು ಬಂದ ಹುಡುಗನಿಗೆ ಇವನ್ನೆಲ್ಲ ಒಂದೊಂದಾಗಿ ಹಾಕಿಕೋ ಎಂದರೆ ಅವನು ಎದ್ದು ಹೋಗುತ್ತಾನೆ.

ಇದಕ್ಕಾಗಿಯೇ ಪೈಇನ್‌ಸ್ಟಾಲರ್, ಸಿಎಕ್ಸ್‌ಫ್ರೀಜ್, ಪೈ2ಇಎಕ್ಸ್‌ಇ ಮುಂತಾದ ಸಲಕರಣೆಗಳಿವೆ. ಇವು ಪೈಥಾನನ್ನು ಯಂತ್ರಭಾಷೆಗೆ ತಿರುಗಿಸುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಇಲ್ಲ. ಬಯಲಾಟದ ಮೇಳ ರಂಗಸ್ಥಳ, ವೇಷದ ಪೆಟ್ಟಿಗೆ, ಚೆಂಡೆ ಮದ್ದಳೆಗಳ ಸಮೇತ ಊರಿಗೆ ಬಂದಿಳಿಯುವಂತೆ, ಇವು ಇಂಟರ್‌ಪ್ರಿಟರನ್ನೂ ಬೇಕಾದ ಲೈಬ್ರರಿಗಳನ್ನೂ ಪ್ರೋಗ್ರಾಮಿನ ಜೊತೆ ಕಟ್ಟಿಕೊಡುತ್ತವೆ. ಕೆಲವೇ ಸಾಲುಗಳ ಪ್ರೋಗ್ರಾಂ ಹಲವು ಮೆಗಾಬೈಟ್ ತೂಗುವುದು ಈ ಕಾರಣಕ್ಕೆ.

ಏನೇನು ಕಟ್ಟಬೇಕೆಂದು ಪೈಇನ್‌ಸ್ಟಾಲರಿಗೆ ತಿಳಿಯುವುದು ಪ್ರೋಗ್ರಾಮಿನ ಇಂಪೋರ್ಟ್ ಸಾಲುಗಳ ಜಾಡು ಹಿಡಿದು. ಎಡವಟ್ಟಿನ ಬೇರು ಇರುವುದೂ ಅಲ್ಲೇ. ನಾಯಕನ ಚಿತ್ರ, ಗುಂಡಿನ ಸದ್ದು ಇಂಪೋರ್ಟ್ ಆಗುವುದಿಲ್ಲ. ಅವು ಬರೀ ಫೈಲಿನ ಹೆಸರುಗಳು, ಸಲಕರಣೆಯ ಕಣ್ಣಿಗೆ ಬೀಳುವುದಿಲ್ಲ. ಇವನ್ನೂ ಸೇರಿಸು ಎಂದು ಬರೆದವರೇ ಹೇಳಬೇಕು. ಹೇಳದಿದ್ದರೂ ಅವರ ಕಂಪ್ಯೂಟರಿನಲ್ಲಿ ಆಟ ಓಡಬಹುದು, ಏಕೆಂದರೆ ಚಿತ್ರಗಳು ಅಲ್ಲೇ ಪಕ್ಕದ ಫೋಲ್ಡರಿನಲ್ಲಿವೆ. ಬೇರೆಯವರ ಮನೆಯಲ್ಲಿ ಕಿಟಕಿ ತೆರೆದು ಮರುಕ್ಷಣವೇ ಮುಚ್ಚಿಕೊಳ್ಳುತ್ತದೆ.

ಎಲ್ಲವನ್ನೂ ಒಂದೇ ಇಎಕ್ಸ್‌ಇ ಫೈಲಿನಲ್ಲಿ ತುಂಬುವ ಬಗೆ ಬಹಳ ಜನಪ್ರಿಯ. ನೋಡಲು ಅಚ್ಚುಕಟ್ಟು, ಆದರೆ ತೆರೆದಾಗಲೆಲ್ಲ ಅದು ಗಂಟು ಬಿಚ್ಚಿ ತಾತ್ಕಾಲಿಕ ಫೋಲ್ಡರೊಂದರಲ್ಲಿ ಹರಡಿಕೊಳ್ಳುತ್ತದೆ, ಮುಚ್ಚಿದಾಗ ಅಳಿಸುತ್ತದೆ. ಶುರುವಾಗುವುದು ತಡ. ಆಟಗಾರ ಗಳಿಸಿದ ಅಂಕಗಳನ್ನು ಆ ಫೋಲ್ಡರಿನಲ್ಲೇ ಬರೆದಿಟ್ಟರೆ ಅವೂ ಮಾಯ. ಚಿತ್ರಗಳೇ ಹೆಚ್ಚಿರುವ ಆಟಕ್ಕೆ ಬಿಡಿ ಫೋಲ್ಡರನ್ನೇ ಜಿಪ್ ಮಾಡಿ ಕೊಡುವುದು ಮೇಲು. ಅದರಲ್ಲಿ ಏನು ಬಿಟ್ಟುಹೋಗಿದೆ ಎಂಬುದಾದರೂ ಕಾಣುತ್ತದೆ.

ಕನ್ನಡದಲ್ಲಿ ಆಟ ಮಾಡುವವರಿಗೆ ಇನ್ನೊಂದು ತೊಡಕು ಕಾದಿರುತ್ತದೆ. ವಿಂಡೋಸ್ ಜೊತೆ ಬರುವ ನಿರ್ಮಲ ಯುಐ ಫಾಂಟನ್ನು ನಂಬಿ ಬರೆದ ಪ್ರೋಗ್ರಾಂ ಲಿನಕ್ಸಿಗೆ ಹೋದರೆ ಅಲ್ಲಿ ಆ ಫಾಂಟ್ ಸಿಗದೆ, ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣಿಸಬಹುದು. ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಜೊತೆಗೇ ಕಟ್ಟಿದರೆ ಚೌಕಗಳ ಕಾಟ ತಪ್ಪುತ್ತದೆ. ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಅದು ಲೈಬ್ರರಿಯ ಕೈಯಲ್ಲಿದೆ, ಪರದೆಯ ಮೇಲೆ ನೋಡಿಯೇ ನಂಬಬೇಕು.

ವಿಂಡೋಸ್ ಗಂಟನ್ನು ವಿಂಡೋಸಿನಲ್ಲಿ, ಮ್ಯಾಕ್ ಗಂಟನ್ನು ಮ್ಯಾಕಿನಲ್ಲೇ ಕಟ್ಟಬೇಕು. ಪೈಇನ್‌ಸ್ಟಾಲರಿಗೆ ಅಡ್ಡದಾರಿ ಗೊತ್ತಿಲ್ಲ. ಹಳೆಯ ವಿಂಡೋಸ್ 7 ಯಂತ್ರಗಳೇ ಇರುವ ಲ್ಯಾಬಿಗೆ ಕಳಿಸುವುದಾದರೆ ಪೈಥಾನ್ 3.8ಕ್ಕೇ ನಿಲ್ಲಬೇಕು, 3.9 ಅಲ್ಲಿ ನಡೆಯುವುದಿಲ್ಲ. ಆಂಟಿವೈರಸ್ ಕೆಲವೊಮ್ಮೆ ನಿರಪರಾಧಿ ಆಟವನ್ನೂ ಹಿಡಿದು ನಿಲ್ಲಿಸುತ್ತದೆ. ಕಿಡಿಗೇಡಿಗಳೂ ಇದೇ ಸಲಕರಣೆ ಬಳಸುವುದರಿಂದ ಎಲ್ಲ ಗಂಟುಗಳ ಹೊರಮೈ ಒಂದೇ ಥರ ಕಾಣುತ್ತದೆ.

ಈಚೆಗೆ ಪಿಗ್‌ಬ್ಯಾಗ್ ಎಂಬ ಸಲಕರಣೆ ಪೈಗೇಮ್ ಆಟಗಳನ್ನು ಬ್ರೌಸರಿನಲ್ಲೇ ಓಡಿಸುತ್ತಿದೆ. ಅದಕ್ಕೆ ಆಟದ ಮುಖ್ಯ ಲೂಪನ್ನು, ಪ್ರತಿ ಸುತ್ತಿನಲ್ಲೂ ಬ್ರೌಸರಿಗೆ ಉಸಿರಾಡಲು ಬಿಡುವಂತೆ, ಸ್ವಲ್ಪ ತಿದ್ದಬೇಕು. ಇಎಕ್ಸ್‌ಇ ಫೈಲಿನ ರಗಳೆ ಅಲ್ಲಿಲ್ಲ. ಹಾಗೆಂದು ಪೈಥಾನ್ ಬೇಡವಾಯಿತು ಎಂದಲ್ಲ. ಪುಟ ತೆರೆದಾಗ ವೆಬ್‌ಅಸೆಂಬ್ಲಿ ರೂಪದ ಇಂಟರ್‌ಪ್ರಿಟರ್ ಮೊದಲು ಇಳಿದು ಬರುತ್ತದೆ, ಆಟ ಶುರುವಾಗುವುದು ಆಮೇಲೆ.